ಗಣಿಯ ಹುಳಿನೀರು ಮತ್ತು ಮುನ್ನಂದಾಜಿನ ಮಿತಿ

ಲೋಹದ ಗಣಿಯೊಂದು ಮುಚ್ಚಿದ ಮೇಲೂ ಅಲ್ಲಿನ ಬಂಡೆ, ನೀರು ಮತ್ತು ಗಾಳಿಯ ನಡುವಿನ ರಾಸಾಯನಿಕ ವ್ಯವಹಾರ ನಿಲ್ಲುವುದಿಲ್ಲ. ಅಗೆದು ಹೊರಗೆ ಸುರಿದ ಕಲ್ಲಿನಲ್ಲಿ ಗಂಧಕ ಬೆರೆತ ಖನಿಜಗಳಿದ್ದರೆ ಆ ವ್ಯವಹಾರ ಇನ್ನಷ್ಟು ಚುರುಕಾಗಿ, ಕೆಲವೆಡೆ ಶತಮಾನಗಳವರೆಗೂ ಸಾಗುತ್ತದೆ. ಇದರಿಂದ ಹುಟ್ಟುವ ಆಮ್ಲೀಯ ನೀರನ್ನು ಗಣಿಯ ಆಮ್ಲಜಲವೆಂದು ಕರೆಯಬಹುದು. ಇಂಥ ನೀರು ಯಾವಾಗ ಹೊರಬರುತ್ತದೆ, ಎಷ್ಟು ಹುಳಿಯಾಗಿರುತ್ತದೆ, ಯಾವ ಲೋಹಗಳನ್ನು ಕರಗಿಸಿ ಹೊತ್ತು ತರುತ್ತದೆ ಎಂಬುದನ್ನು ಮೊದಲೇ ಅಂದಾಜಿಸಲು ಭೂರಸಾಯನಶಾಸ್ತ್ರಜ್ಞರು ಗಣಕದ ಮೇಲೆ ಗಣಿತ ಮಾದರಿಗಳನ್ನು ಕಟ್ಟುತ್ತಾರೆ. ಆ ಮಾದರಿಗಳು ಕೊಡುವ ಅಂಕಿ ದಶಮಾಂಶದ ಎರಡನೆಯ ಸ್ಥಾನದವರೆಗೂ ಖಚಿತವಾಗಿ ಕಾಣುವುದುಂಟು, ಆದರೆ ಅದರ ಹಿಂದಿರುವ ಅನಿಶ್ಚಿತತೆ ಹಲವೊಮ್ಮೆ ಅಂಕಿಗಿಂತಲೂ ದೊಡ್ಡದು, ಮತ್ತು ಆ ಅನಿಶ್ಚಿತತೆಯ ಬಹುಪಾಲು ಗಣಿತದಲ್ಲಿ ಅಡಗಿರದೆ ಕಲ್ಲುಗುಡ್ಡದೊಳಗೆ ನೀರು ಮತ್ತು ಗಾಳಿ ಹೇಗೆ ಓಡಾಡುತ್ತವೆ ಎಂಬ ಮೂಲ ಕಲ್ಪನೆಯಲ್ಲೇ ಅಡಗಿರುತ್ತದೆ.

ಕರ್ನಾಟಕದಲ್ಲಿ ಈ ವಿಷಯವನ್ನು ವಿಚಾರಿಸಲು ಕೋಲಾರದ ಚಿನ್ನದ ಗಣಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ ಅಗೆತ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತಿನ ಬಲದಿಂದ ಆಳಕ್ಕೆ ಇಳಿಯುತ್ತ ಹೋಗಿ ಮೂರು ಕಿಲೋಮೀಟರನ್ನೂ ಮೀರಿತು; 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದ ಗಣಿಗಳು 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ನಡೆದು 2001ರ ಫೆಬ್ರುವರಿ ಕೊನೆಗೆ ಮುಚ್ಚಿದವು. ಅಷ್ಟರಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ನುಣ್ಣಗೆ ಅರೆದು ಚಿನ್ನ ಹೀರಿ ಹೊರಗೆ ಹಾಕಿದ ಕಲ್ಲುಪುಡಿ ಸುಮಾರು 3.3 ಕೋಟಿ ಟನ್. ಸೈನೈಡ್ ದ್ರಾವಣದಿಂದ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನದಿಂದ ಬಂದ ಈ ಪುಡಿಯ ರಾಶಿಗಳನ್ನು ಊರಿನ ಜನ ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ಎಂ. ರಾವ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿ ಅವರು ಈ ಗುಡ್ಡಗಳ ಪುಡಿಯನ್ನು ಸೈನೈಡ್ ಮತ್ತು ಆಮ್ಲಜಲ ಎರಡರ ದೃಷ್ಟಿಯಿಂದಲೂ ಪರೀಕ್ಷಿಸಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ಗುಡ್ಡಗಳ ಹೆಸರು ಸೈನೈಡ್‌ನದಾದರೂ ದೀರ್ಘಕಾಲದ ಲೆಕ್ಕದಲ್ಲಿ ಗಂಧಕವನ್ನು ಬಿಡುವಂತಿಲ್ಲ ಎಂಬುದನ್ನು ಆ ಪ್ರಬಂಧದ ಶೀರ್ಷಿಕೆಯೇ ಹೇಳುತ್ತದೆ.

ಆಮ್ಲ ಹುಟ್ಟುವ ಬಗೆ ಹೀಗೆ. ಪೈರೈಟ್ ಎಂಬುದು ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಬಣ್ಣದ ಹೊಳಪುಳ್ಳ ಖನಿಜ. ನೆಲದಡಿಯಲ್ಲಿ ಗಾಳಿ ತಾಗದೆ ಇದ್ದಷ್ಟು ಕಾಲ ಅದು ನಿರುಪದ್ರವಿ. ಅಗೆದು ಮೇಲೆ ತಂದಾಗ ಆಮ್ಲಜನಕ ಮತ್ತು ನೀರು ಸೇರಿ ಅದನ್ನು ಒಡೆಯುತ್ತವೆ. ಗಂಧಕ ಸಲ್ಫೇಟ್ ಆಗುತ್ತದೆ, ಕಬ್ಬಿಣ ಫೆರಸ್ ರೂಪದಲ್ಲಿ ನೀರಿಗೆ ಇಳಿಯುತ್ತದೆ, ಜೊತೆಗೆ ಆಮ್ಲ ಬಿಡುಗಡೆಯಾಗುತ್ತದೆ. ಫೆರಸ್ ಕಬ್ಬಿಣ ಇನ್ನಷ್ಟು ಆಮ್ಲಜನಕ ಪಡೆದು ಫೆರಿಕ್ ರೂಪಕ್ಕೆ ಬಂದರೆ ಆ ಫೆರಿಕ್ ಕಬ್ಬಿಣವೇ ಪೈರೈಟ್ ಮೇಲೆ ಎರಗಿ, ಆಮ್ಲಜನಕಕ್ಕಿಂತಲೂ ವೇಗವಾಗಿ ಅದನ್ನು ಕರಗಿಸಿ, ಮತ್ತೆ ತಾನೇ ಫೆರಸ್ ಆಗುತ್ತದೆ. ಹೀಗೆ ಚಕ್ರ ತಿರುಗತೊಡಗುತ್ತದೆ. ಹುಳಿಯಾದ ನೀರಿನಲ್ಲಿ ಫೆರಸ್‌ನಿಂದ ಫೆರಿಕ್‌ಗೆ ಬದಲಾಗುವ ಹೆಜ್ಜೆ ತಾನಾಗಿ ನಡೆದರೆ ಬಹು ನಿಧಾನ. ಆದರೆ ಕಬ್ಬಿಣವನ್ನೇ ತಿಂದು ಬದುಕುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಲಕ್ಷಾಂತರ ಪಟ್ಟು ಚುರುಕುಗೊಳಿಸುತ್ತವೆ. ಅಮೆರಿಕದ ಕಲ್ಲಿದ್ದಲು ಗಣಿಯ ನೀರಿನಲ್ಲಿ ಇಂಥ ಜೀವಿಯನ್ನು ಕಾಲ್ಮರ್ ಮತ್ತು ಹಿಂಕಲ್ 1947ರಲ್ಲಿ ಗುರುತಿಸಿದರು. ಇಡೀ ಚಕ್ರದ ವೇಗವನ್ನು ಹಿಡಿದಿಡುವ ಹೆಜ್ಜೆ ಇದೇ ಎಂದು ಸಿಂಗರ್ ಮತ್ತು ಸ್ಟಮ್ 1970ರಲ್ಲಿ ತೋರಿಸಿಕೊಟ್ಟರು.

ಎಲ್ಲ ಗಣಿಯೂ ಆಮ್ಲ ಬಿಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮೈಸೂರು ಸೀಮೆಯ ಹೆಗ್ಗಡದೇವನಕೋಟೆ ಕಡೆಯ ಸರಗೂರಿನ ಹೆಸರನ್ನೇ ಹೊತ್ತ, 300 ಕೋಟಿ ವರ್ಷಕ್ಕೂ ಹಳೆಯದಾದ ಸರಗೂರು ಗುಂಪಿನ ಶಿಲೆಗಳಲ್ಲಿ, ಅಥವಾ ಅದೇ ಜಿಲ್ಲೆಯ ಸಿಂಧುವಳ್ಳಿಯ ಕ್ರೋಮೈಟ್ ಇರುವ ಶಿಲೆಗಳಲ್ಲಿ ಮೆಗ್ನೀಸಿಯಂ ತುಂಬಿದ ಖನಿಜಗಳು ಹೇರಳವಾಗಿದ್ದು ಅವು ಸವೆಯುವಾಗ ನೀರನ್ನು ಕ್ಷಾರದ ಕಡೆಗೇ ಎಳೆಯುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಕ್ರೋಮಿಯಂ ಕುರಿತದ್ದು, ಆಮ್ಲದ್ದಲ್ಲ. ಕುದುರೆಮುಖದ ಕಬ್ಬಿಣದ ಅದಿರು ಗಂಧಕವಿಲ್ಲದ ಮ್ಯಾಗ್ನೆಟೈಟ್ ಆದ್ದರಿಂದ, 2005ರ ಅಂತ್ಯಕ್ಕೆ ಅಲ್ಲಿನ ಗಣಿ ನಿಲ್ಲುವವರೆಗೂ ನಡೆದ ವಾದವೆಲ್ಲ ಭದ್ರಾ ನದಿಗೆ ಸೇರುವ ಹೂಳಿನ ಸುತ್ತ ಇತ್ತು. ಚಿತ್ರದುರ್ಗದ ಬಳಿಯ ಇಂಗಳದಾಳಿನ ತಾಮ್ರದ ಅದಿರು, ಹಟ್ಟಿ ಮತ್ತು ಕೋಲಾರದ ಚಿನ್ನದ ಅದಿರು ಮಾತ್ರ ಸಲ್ಫೈಡ್ ಖನಿಜಗಳ ಸಂಗದಲ್ಲಿರುವಂಥವು. ಕೋಲಾರದಲ್ಲೂ ಭೇದವಿದೆ: ಹೆಚ್ಚು ಚಿನ್ನ ಕೊಟ್ಟ ಚಾಂಪಿಯನ್ ಪದರ ಬಿಳಿಗಲ್ಲಿನದು, ಅದರಲ್ಲಿ ಸಲ್ಫೈಡ್ ಕಡಿಮೆ, ಪಶ್ಚಿಮದ ಓರಿಯಂಟಲ್, ಮೆಕ್‌ಟಾಗರ್ಟ್ ಪದರಗಳಲ್ಲಿ ಪಿರೊಟೈಟ್, ಪೈರೈಟ್, ಆರ್ಸೆನಿಕ್ ಬೆರೆತ ಆರ್ಸೆನೊಪೈರೈಟ್ ಹೆಚ್ಚು. ಯಾವ ಕಾಲದಲ್ಲಿ ಯಾವ ಪದರದ ಕಲ್ಲು ಅರೆದು ಯಾವ ರಾಶಿಗೆ ಸುರಿದರು ಎಂಬುದರ ಮೇಲೆ ಒಂದೇ ಗುಡ್ಡದ ಬುಡ ಮತ್ತು ನೆತ್ತಿಯ ಗುಣವೇ ಬೇರೆ ಬೇರೆಯಾಗಿರಬಹುದು.

ಮುನ್ನಂದಾಜಿನ ಮೊದಲ ಹೆಜ್ಜೆ ಜಮಾ ಖರ್ಚಿನ ರೀತಿಯದು. ಕಲ್ಲಿನಲ್ಲಿರುವ ಗಂಧಕವೆಲ್ಲ ಆಮ್ಲವಾದರೆ ಅದನ್ನು ತಣಿಸಲು ಎಷ್ಟು ಸುಣ್ಣಕಲ್ಲು ಬೇಕು, ಕಲ್ಲಿನಲ್ಲೇ ಅಂಥ ತಣಿಸುವ ಖನಿಜ ಎಷ್ಟಿದೆ ಎಂದು ತೂಗಿ ನೋಡುವುದು. ಶೇಕಡಾ ಒಂದರಷ್ಟು ಗಂಧಕವಿದ್ದರೆ ಟನ್ ಕಲ್ಲಿಗೆ 31.25 ಕಿಲೋ ಸುಣ್ಣಕಲ್ಲು ಬೇಕೆಂಬುದು ಈ ಲೆಕ್ಕದ ಸೂತ್ರ. ತಣಿಸುವ ಶಕ್ತಿಯನ್ನು ಆಮ್ಲಶಕ್ತಿಯಿಂದ ಭಾಗಿಸಿದಾಗ ಬರುವ ಅನುಪಾತ ಒಂದಕ್ಕಿಂತ ಕಡಿಮೆಯಾದರೆ ಅಪಾಯ, ಎರಡು ಮೂರನ್ನು ಮೀರಿದರೆ ನಿರಾಳ, ನಡುವೆ ಬಿದ್ದರೆ ಅನುಮಾನ ಎಂಬುದು ವಾಡಿಕೆ. ಲೆಕ್ಕ ಸರಳ, ತೊಡಕಿರುವುದು ಯಾವುದನ್ನು ಜಮಾಕ್ಕೆ, ಯಾವುದನ್ನು ಖರ್ಚಿಗೆ ಬರೆಯಬೇಕೆಂಬಲ್ಲಿ. ಉದಾಹರಣೆಗೆ ಒಂದು ಕಲ್ಪಿತ ಪುಡಿಯಲ್ಲಿ ಒಟ್ಟು ಗಂಧಕ ಶೇ 0.6, ಆಮ್ಲದಲ್ಲಿ ಕುದಿಸಿ ಅಳೆದ ತಣಿಸುವ ಶಕ್ತಿ ಟನ್ನಿಗೆ 20 ಕಿಲೋ ಎಂದಿರಲಿ. ಆಗ ಬೇಕಾದದ್ದು 18.75 ಕಿಲೋ, ಅನುಪಾತ 1.07. ಆದರೆ ಆ ಶೇ 0.6 ಗಂಧಕದಲ್ಲಿ ಶೇ 0.2ರಷ್ಟು ಜಿಪ್ಸಂ ರೂಪದಲ್ಲಿ ಈಗಾಗಲೇ ಸಲ್ಫೇಟ್ ಆಗಿದ್ದರೆ ಅದು ಇನ್ನು ಆಮ್ಲ ಕೊಡದು, ಬೇಕಾದದ್ದು 12.5 ಕಿಲೋಗೆ ಇಳಿದು ಅನುಪಾತ 1.6ಕ್ಕೆ ಏರುತ್ತದೆ. ಇನ್ನೊಂದೆಡೆ, ತಣಿಸುವ ಶಕ್ತಿಯೆಂದು ಎಣಿಸಿದ 20ರಲ್ಲಿ 7.5 ಕಿಲೋ ಸಿಡರೈಟ್ ಎಂಬ ಕಬ್ಬಿಣದ ಕಾರ್ಬೊನೇಟ್‌ನಿಂದ ಬಂದಿದ್ದರೆ ಅದನ್ನೂ ಕಳೆಯಬೇಕು, ಏಕೆಂದರೆ ಸಿಡರೈಟ್ ಕರಗುವಾಗ ಆಮ್ಲವನ್ನು ನುಂಗಿದರೂ ಅದರ ಕಬ್ಬಿಣ ಮುಂದೆ ಗಾಳಿ ತಾಗಿ ಗಸಿಯಾಗಿ ಇಳಿಯುವಾಗ ಅಷ್ಟೇ ಆಮ್ಲವನ್ನು ಹಿಂದಿರುಗಿಸುತ್ತದೆ. ಆಗ ಅನುಪಾತ ಸರಿಯಾಗಿ 1.0. ಜಿಪ್ಸಂ ಇಲ್ಲದೆ ಸಿಡರೈಟ್ ಮಾತ್ರ ಇದ್ದರೆ 0.67. ಒಂದೇ ಚೀಲದ ಪುಡಿ, ಒಂದೇ ಪ್ರಯೋಗಾಲಯ, ನಾಲ್ಕು ಉತ್ತರ.

ಆ ಚೀಲವಾದರೂ ಗುಡ್ಡವನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತದೆ? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1989ರಲ್ಲಿ ಹೊರಟ ಮಾರ್ಗಸೂಚಿಯು ಹತ್ತು ಲಕ್ಷ ಟನ್ ಕಲ್ಲಿಗೆ ಕನಿಷ್ಠ 26 ಮಾದರಿ ತೆಗೆಯಬೇಕೆಂದು ಹೇಳಿ, ರಾಶಿ ದೊಡ್ಡದಾದಂತೆ ಮಾದರಿಗಳ ಸಂಖ್ಯೆ ವರ್ಗಮೂಲದ ಪ್ರಮಾಣದಲ್ಲಿ ಏರುವಂತೆ ಮಾಡಿತು. ಕೋಲಾರದ 3.3 ಕೋಟಿ ಟನ್ನಿಗೆ ಇದನ್ನು ಅನ್ವಯಿಸಿದರೆ ಸುಮಾರು 150 ಮಾದರಿ ಸಾಕಾಗುತ್ತದೆ. ಒಂದೊಂದು ಕಿಲೋ ಎಂದಿಟ್ಟುಕೊಂಡರೂ ಒಂದೂವರೆ ಕ್ವಿಂಟಲ್ ಪುಡಿ ಮೂರು ಕೋಟಿಗೂ ಮೀರಿದ ಟನ್ನಿನ ಪರವಾಗಿ ಸಾಕ್ಷಿ ಹೇಳಬೇಕು. ಪುಡಿ ಏಕರೂಪವಾಗಿದ್ದರೆ ಅಡ್ಡಿಯಿಲ್ಲ, ಆದರೆ ಶತಮಾನದುದ್ದಕ್ಕೂ ಬೇರೆ ಬೇರೆ ಗಿರಣಿಗಳು ಬೇರೆ ಬೇರೆ ನಯಕ್ಕೆ ಅರೆದು ಸುರಿದದ್ದು ಏಕರೂಪವಾಗಿರುವುದು ಅಪರೂಪ.

ಎರಡನೆಯ ಹಂತ ನೀರಿನ ರಸಾಯನದ ಲೆಕ್ಕ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪಾರ್ಕ್‌ಹರ್ಸ್ಟ್ ಮತ್ತು ನೆದರ್ಲೆಂಡ್ಸಿನ ಅಪೆಲೊ ರೂಪಿಸಿದ ಫ್ರೀಕ್ ಎಂಬ ತಂತ್ರಾಂಶ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನೀರಿನ ಪೃಥಕ್ಕರಣೆಯ ಅಂಕಿಗಳನ್ನು ಕೊಟ್ಟರೆ, ಅದರಲ್ಲಿ ಕರಗಿದ ಧಾತುಗಳು ಯಾವ ಯಾವ ರೂಪದಲ್ಲಿವೆ, ಯಾವ ಖನಿಜ ಇನ್ನೂ ಕರಗಬಹುದು, ಯಾವುದು ಗಸಿಯಾಗಿ ತಳ ಸೇರಬಹುದು ಎಂದು ಅದು ಹೇಳುತ್ತದೆ. ಈ ಉತ್ತರ ನಿಂತಿರುವುದು ಪ್ರತಿ ಖನಿಜದ ಕರಗುವಿಕೆಯನ್ನು ಸೂಚಿಸುವ ಸ್ಥಿರಾಂಕಗಳ ಕೋಶದ ಮೇಲೆ, ಮತ್ತು ಆ ಕೋಶಗಳು ಹಲವು. ಅವುಗಳ ನಡುವೆ ಒಮ್ಮತವಿಲ್ಲ. 1979ರಲ್ಲಿ ನಾರ್ಡ್‌ಸ್ಟ್ರಾಮ್ ಮತ್ತು ಸಂಗಡಿಗರು ಹನ್ನೆರಡಕ್ಕೂ ಹೆಚ್ಚು ತಂತ್ರಾಂಶಗಳಿಗೆ ಒಂದೇ ನದಿನೀರು ಮತ್ತು ಒಂದೇ ಕಡಲನೀರಿನ ಅಂಕಿಗಳನ್ನು ಕೊಟ್ಟು ನೋಡಿದಾಗ ಪ್ರಧಾನ ಧಾತುಗಳಲ್ಲಿ ಉತ್ತರಗಳು ಹತ್ತಿರ ಬಂದರೂ ಸೂಕ್ಷ್ಮ ಪ್ರಮಾಣದ ಲೋಹಗಳಲ್ಲಿ ದೂರ ದೂರ ಸರಿದವು. ಗಣಿಯ ನೀರಿನಲ್ಲಿ ಕಬ್ಬಿಣ ಗಸಿಯಾಗಿ ಇಳಿಯುವಾಗ ಮೂಡುವ ಹಳದಿ ಮಿಶ್ರಿತ ಕಂದು ಖನಿಜ ಶ್ವೆರ್ಟ್‌ಮನೈಟ್‌ನ ಸ್ಥಿರಾಂಕವನ್ನು ಬಿಗಂ ಮತ್ತು ಸಂಗಡಿಗರು 1996ರಲ್ಲಿ ಲಾಗರಿದಮ್ ಮಾನದಲ್ಲಿ 18 ಎಂದು ಕೊಟ್ಟು, ಎರಡೂ ಕಡೆಗೆ 2.5ರಷ್ಟು ಅಂತರ ಬಿಟ್ಟರು. ಲಾಗರಿದಮ್ ಮಾನದಲ್ಲಿ ಒಂದು ಹೆಜ್ಜೆಯೆಂದರೆ ಹತ್ತು ಪಟ್ಟು ಎಂಬುದನ್ನು ನೆನೆದರೆ, ಆ ಅಂತರದ ಒಂದು ತುದಿಗೂ ಇನ್ನೊಂದಕ್ಕೂ ಲಕ್ಷ ಪಟ್ಟು ವ್ಯತ್ಯಾಸ.

ಕಬ್ಬಿಣದ ಈ ಗಸಿ ಸುಮ್ಮನೆ ತಳದಲ್ಲಿ ಕುಳಿತಿರುವುದಿಲ್ಲ. ಅದರ ಮೈಗೆ ಆರ್ಸೆನಿಕ್, ತಾಮ್ರ, ಸೀಸ ಅಂಟಿಕೊಳ್ಳುತ್ತವೆ, ಆದ್ದರಿಂದ ನೀರಿನಲ್ಲಿ ಎಷ್ಟು ಆರ್ಸೆನಿಕ್ ಉಳಿಯುತ್ತದೆ ಎಂಬುದು ಗಸಿಯ ಮೇಲ್ಮೈ ಎಷ್ಟೆಂಬುದನ್ನು ಅವಲಂಬಿಸಿದೆ. ಮಾದರಿಕಾರರು ಸಾಮಾನ್ಯವಾಗಿ ಡ್ಜೊಂಬಾಕ್ ಮತ್ತು ಮೊರೆಲ್ 1990ರಲ್ಲಿ ಸೂಚಿಸಿದ ಗ್ರಾಮಿಗೆ 600 ಚದರ ಮೀಟರ್ ಎಂಬ ಅಂಕಿಯನ್ನು ಬಳಸುತ್ತಾರೆ. ಅದು ಆಗತಾನೇ ಇಳಿದ ಗಸಿಗೆ ಸರಿ, ಆದರೆ ವರ್ಷಗಳು ಕಳೆದು ಗಸಿ ಗೋಥೈಟ್ ಆಗಿ ಗಟ್ಟಿಗೊಂಡಾಗ ಮೇಲ್ಮೈ ಕೆಲವು ಹತ್ತುಗಳ ಮಟ್ಟಕ್ಕೆ ಕುಗ್ಗುತ್ತದೆ. ಆರ್ಸೆನಿಕ್ ವಿಷಯದಲ್ಲಿ ಇನ್ನೊಂದು ವೈಚಿತ್ರ್ಯವೂ ಉಂಟು. ಹುಳಿಯಾದ ನೀರಿನಲ್ಲಿ ಅದು ಗಸಿಗೆ ಬಲವಾಗಿ ಅಂಟಿ, ನೀರು ಕ್ಷಾರದ ಕಡೆ ವಾಲಿದಾಗ ಬಿಡಿಸಿಕೊಳ್ಳುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ರೋಗ ಬಂದದ್ದು ಬೆಳಕಿಗೆ ಬಂದಾಗ, ಚಿನ್ನದ ಅದಿರಿನ ಪಟ್ಟಿಗಳಲ್ಲಿ ಹುಳಿಯಿಲ್ಲದ ನೀರೂ ವಿಷಕರವಾಗಿರಬಹುದೆಂಬುದು ಸ್ಪಷ್ಟವಾಯಿತು. ಆಮ್ಲ ಹುಟ್ಟುವುದಿಲ್ಲವೆಂಬ ಮುನ್ನಂದಾಜು ನಿಜವಾದರೂ ನೀರು ಶುದ್ಧವೆಂಬ ತೀರ್ಮಾನ ಅದರಿಂದ ಹೊರಡದು.

ನೀರು ಅತಿ ಗಾಢವಾದಾಗ ಲೆಕ್ಕದ ಬುನಾದಿಯೇ ಅಲುಗಾಡುತ್ತದೆ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯಲ್ಲಿ ನೀರಿನ ಹುಳಿಯ ಅಳತೆಯಾದ ಪಿಎಚ್ ಸೊನ್ನೆಗಿಂತ ಕೆಳಗೆ, ಋಣ 3.6ರವರೆಗೆ ಇಳಿದದ್ದನ್ನು ನಾರ್ಡ್‌ಸ್ಟ್ರಾಮ್ ಮತ್ತು ಆಲ್ಪರ್ಸ್ ದಾಖಲಿಸಿದ್ದಾರೆ. ತಿಳಿನೀರಿಗೆಂದು ಕಟ್ಟಿದ ಸಮೀಕರಣಗಳು ಅಂಥ ದ್ರಾವಣಕ್ಕೆ ಹೊಂದುವುದಿಲ್ಲ. ಇದಕ್ಕಿಂತ ಸಾಮಾನ್ಯವಾದ ಕಷ್ಟ ಫೆರಸ್ ಮತ್ತು ಫೆರಿಕ್‌ಗಳ ಸಮತೋಲದ್ದು. ನೀರಿನಲ್ಲಿ ಅದ್ದಿದ ವಿದ್ಯುದಗ್ರ ಒಂದು ಅಂಕಿ ಕೊಡುತ್ತದೆ, ಧಾತುಗಳ ಅಳತೆಯಿಂದ ಲೆಕ್ಕ ಹಾಕಿದರೆ ಇನ್ನೊಂದು ಬರುತ್ತದೆ. ಲಿಂಡ್‌ಬರ್ಗ್ ಮತ್ತು ರನ್ನೆಲ್ಸ್ 1984ರಲ್ಲಿ ನೂರಾರು ಅಂತರ್ಜಲ ಮಾದರಿಗಳನ್ನು ಹೋಲಿಸಿ, ಎರಡೂ ಕೂಡಿ ಬರುವುದು ವಿರಳವೆಂದು ತೋರಿಸಿದರು.

ಇಷ್ಟೆಲ್ಲವೂ ಮೂರನೆಯ ಹಂತದ, ಅಂದರೆ ವೇಗದ ಅನಿಶ್ಚಿತತೆಯ ಮುಂದೆ ಸಣ್ಣದು. ಪೈರೈಟ್ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ವಿಲಿಯಮ್ಸನ್ ಮತ್ತು ರಿಮ್‌ಸ್ಟಿಡ್ಟ್ 1994ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದ್ದು, ಅದರ ಸ್ಥಿರಾಂಕದ ದೋಷ ಲಾಗರಿದಮ್ ಮಾನದಲ್ಲಿ 0.1, ಅಂದರೆ ಸುಮಾರು ಕಾಲು ಭಾಗ ಮಾತ್ರ. ಆದರೆ ಆ ಸೂತ್ರ ಹೇಳುವುದು ಪ್ರತಿ ಚದರ ಮೀಟರ್ ಮೇಲ್ಮೈಯಿಂದ ಆಗುವ ಸವೆತವನ್ನು. ಒಂದು ಟನ್ ಪುಡಿಯಲ್ಲಿ ನೀರು ಮತ್ತು ಗಾಳಿ ತಲುಪುವ ಪೈರೈಟ್ ಮೇಲ್ಮೈ ಎಷ್ಟೆಂದು ಯಾರೂ ನೇರವಾಗಿ ಅಳೆಯಲಾರರು. ಅಚ್ಚು ಬೆಲ್ಲಕ್ಕಿಂತ ಪುಡಿ ಬೆಲ್ಲ ಬೇಗ ಕರಗುವುದು ಎಲ್ಲರಿಗೂ ತಿಳಿದದ್ದೇ, ಆದರೆ ಇಲ್ಲಿ ಪೈರೈಟ್ ಕಣಗಳಲ್ಲಿ ಕೆಲವು ಬಿಳಿಗಲ್ಲಿನೊಳಗೆ ಹುದುಗಿವೆ, ಕೆಲವಕ್ಕೆ ತುಕ್ಕಿನ ಲೇಪ ಬಂದಿದೆ, ಕೆಲವು ಮಾತ್ರ ಬೆತ್ತಲೆಯಾಗಿವೆ. ಪ್ರಯೋಗಾಲಯದಲ್ಲಿ ಅಳೆದ ಸವೆತದ ವೇಗಕ್ಕೂ ಬಯಲಿನಲ್ಲಿ ಕಂಡ ವೇಗಕ್ಕೂ ನೂರರಿಂದ ಲಕ್ಷ ಪಟ್ಟಿನವರೆಗೆ ಅಂತರವಿರುವುದು ಖನಿಜ ಸವೆತದ ಅಧ್ಯಯನದಲ್ಲಿ ಬಹುಕಾಲದಿಂದ ತಿಳಿದ ಸಂಗತಿ.

ವೇಗವನ್ನು ಅಳೆಯಲು ಗಣಿ ಕಂಪನಿಗಳು ಸಾಮಾನ್ಯವಾಗಿ ನೆಚ್ಚುವುದು ಆರ್ದ್ರಕೋಶ ಎಂಬ ಪರೀಕ್ಷೆಯನ್ನು. ಒಂದು ಕಿಲೋ ಪುಡಿಯ ಮೂಲಕ ವಾರದಲ್ಲಿ ಮೂರು ದಿನ ಒಣಗಾಳಿ, ಮೂರು ದಿನ ತೇವದ ಗಾಳಿ ಹಾಯಿಸಿ ಏಳನೆಯ ದಿನ ನೀರಿನಿಂದ ತೊಳೆಯುತ್ತಾರೆ. ಇದು ಕನಿಷ್ಠ 20 ವಾರ ನಡೆಯಬೇಕು. ಕೋಲಾರದಲ್ಲಿ ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್, ಅದೂ ಕೆಲವೇ ತಿಂಗಳಲ್ಲಿ. ಉಳಿದ ಕಾಲವೆಲ್ಲ ಬಿಸಿಲಿಗೆ ಒಳಗಿನ ತೇವ ಮೇಲಕ್ಕೆ ಏರಿ ಆವಿಯಾಗಿ, ಹೊತ್ತು ತಂದ ಲವಣವನ್ನು ಮೇಲ್ಮೈಯಲ್ಲಿ ಹೊಪ್ಪಳಿಕೆಯಂತೆ ಬಿಟ್ಟುಹೋಗುತ್ತದೆ, ಮತ್ತು ಮೊದಲ ಜೋರು ಮಳೆ ತಿಂಗಳುಗಟ್ಟಲೆ ಕೂಡಿಬಿದ್ದ ಆಮ್ಲಲವಣವನ್ನೆಲ್ಲ ಒಂದೇ ಸಲಕ್ಕೆ ತೊಳೆದೊಯ್ಯುತ್ತದೆ. ವಾರಕ್ಕೊಮ್ಮೆ ತಪ್ಪದೆ ತೊಳೆಯುವ ಕೋಶ ಈ ಲಯವನ್ನು ಕಾಣಲಾರದು; ತಂಪು ದೇಶದ ಅಭ್ಯಾಸ ಬಯಲುಸೀಮೆಗೆ ಹಾಗೆಯೇ ಬಂದು ಕೂತಿದೆ ಎನ್ನದೆ ವಿಧಿಯಿಲ್ಲ.

ಇದರ ಪರಿಣಾಮ ಕಾಲದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಸೈನೈಡ್ ವಿಧಾನದಲ್ಲಿ ವಿಷದ ಅನಿಲ ಏಳದಂತೆ ದ್ರಾವಣಕ್ಕೆ ಸುಣ್ಣ ಬೆರೆಸಿ ಕ್ಷಾರವಾಗಿ ಇಡುವುದರಿಂದ ಗಿರಣಿಯಿಂದ ಹೊರಬೀಳುವಾಗ ಪುಡಿ ಕ್ಷಾರವೇ ಆಗಿರುತ್ತದೆ, ಆಮ್ಲದ ಸುಳಿವೇ ಇರುವುದಿಲ್ಲ. ಸುಣ್ಣ ಮತ್ತು ಕಲ್ಲಿನ ಕ್ಯಾಲ್ಸೈಟ್ ಇರುವವರೆಗೆ ಪಿಎಚ್ ಏಳರ ಆಸುಪಾಸಿನಲ್ಲಿ ನಿಂತಿದ್ದು, ಅವು ಮುಗಿದೊಡನೆ ಸಿಡರೈಟ್ ಇದ್ದರೆ ಐದರ ಬಳಿ, ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಇದ್ದರೆ ನಾಲ್ಕರ ಬಳಿ, ಕಬ್ಬಿಣದ ಗಸಿ ಇದ್ದರೆ ಮೂರರ ಬಳಿ ಹಂತ ಹಂತವಾಗಿ ಇಳಿಯುತ್ತದೆ. ಟನ್ನಿಗೆ 12.5 ಕಿಲೋ ಕ್ಯಾಲ್ಸೈಟ್ ಇರುವ ಪುಡಿಯಲ್ಲಿ ವರ್ಷಕ್ಕೆ ಕಾಲು ಕಿಲೋ ಖರ್ಚಾದರೆ ದಾಸ್ತಾನು 50 ವರ್ಷ ಬಾಳುತ್ತದೆ. ಅಂದಾಜಿಸಿದ ವೇಗಕ್ಕಿಂತ ನಿಜವಾದ ವೇಗ ಮೂರು ಪಟ್ಟಾದರೆ 17 ವರ್ಷ, ಹತ್ತನೆಯ ಒಂದಾದರೆ 500 ವರ್ಷ. ಇಪ್ಪತ್ತು ವಾರದ ಪರೀಕ್ಷೆಯಲ್ಲಿ ಆಮ್ಲ ಕಾಣಲಿಲ್ಲ ಎಂಬುದರ ಅರ್ಥ ಆಮ್ಲ ಬರುವುದಿಲ್ಲವೆಂದಲ್ಲ.

ಮುಚ್ಚಿದ ಗಣಿಯ ಆಳದ ಸುರಂಗಗಳು ಇದಕ್ಕೆ ವಿರುದ್ಧವಾದ ಚಿತ್ರ ಕೊಡುತ್ತವೆ. ಪಂಪು ನಿಂತ ಮೇಲೆ ಅವುಗಳಲ್ಲಿ ನೀರು ತುಂಬುತ್ತದೆ, ಮತ್ತು ನೀರು ಪೈರೈಟ್‌ಗೆ ಒಂದು ರೀತಿಯ ಕಾವಲು: ಗಾಳಿಯಲ್ಲಿ ಐದನೆಯ ಒಂದು ಭಾಗ ಆಮ್ಲಜನಕವಿದ್ದರೆ ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು ಎಂಟು ಮಿಲಿಗ್ರಾಂ, ಅದು ಹರಡುವ ವೇಗವೂ ಗಾಳಿಯಲ್ಲಿರುವುದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ. ಆದ್ದರಿಂದ ಮುಳುಗಿದ ಗೋಡೆಗಳಲ್ಲಿ ಹೊಸ ಆಮ್ಲ ಹುಟ್ಟುವುದು ಬಹಳಮಟ್ಟಿಗೆ ನಿಲ್ಲುತ್ತದೆ, ಆದರೆ ಮುಳುಗುವ ಮುನ್ನ ಗೋಡೆಗೆ ಹತ್ತಿದ್ದ ಲವಣ ಕರಗಿ ಮೊದಮೊದಲ ನೀರು ಕೆಟ್ಟದಾಗಿರುತ್ತದೆ. ಅಮೆರಿಕದ ಮೊಂಟಾನಾದ ಬರ್ಕ್ಲಿ ಪಿಟ್ ಎಂಬ ತಾಮ್ರದ ಗಣಿಯಲ್ಲಿ 1982ರಲ್ಲಿ ಪಂಪು ನಿಲ್ಲಿಸಿದ ಮೇಲೆ ತುಂಬಿದ ಕೆರೆಯ ಪಿಎಚ್ ದಶಕಗಳ ಕಾಲ 2.5ರ ಸುತ್ತ ಇದ್ದು, ನೀರಿನಿಂದ ತಾಮ್ರ ತೆಗೆಯುವ ಕೆಲಸ ಮತ್ತು ಸಂಸ್ಕರಣೆಯ ಕೆಸರನ್ನು ಅಲ್ಲಿಗೇ ಬಿಟ್ಟದ್ದರ ಫಲವಾಗಿ ಈಚಿನ ವರ್ಷಗಳಲ್ಲಿ ನಾಲ್ಕನ್ನು ಮೀರಿದೆ. ಮನುಷ್ಯ ಮುಂದೆ ಏನು ಮಾಡುತ್ತಾನೆಂಬುದು ಯಾವ ರಾಸಾಯನಿಕ ಸಮೀಕರಣದಲ್ಲೂ ಇರಲಿಲ್ಲ.

ಅನಿಶ್ಚಿತತೆಯನ್ನು ಅಂಕಿಯಲ್ಲಿ ಹಿಡಿಯಲು ಮಾಂಟೆಕಾರ್ಲೊ ಎಂಬ ವಿಧಾನವಿದೆ. ಪ್ರತಿ ಅಂಶಕ್ಕೂ ಒಂದೇ ಬೆಲೆ ಕೊಡುವ ಬದಲು ಸಾಧ್ಯವಿರುವ ಬೆಲೆಗಳ ವ್ಯಾಪ್ತಿ ಕೊಟ್ಟು, ಗಣಕವು ಸಾವಿರಾರು ಸಲ ಬೇರೆ ಬೇರೆ ಬೆಲೆಗಳನ್ನು ಎತ್ತಿಕೊಂಡು ಲೆಕ್ಕ ಮಾಡಿ, ಉತ್ತರಗಳ ಹರಹನ್ನು ತೋರಿಸುತ್ತದೆ. ಸೊಗಸಾದ ವಿಧಾನ, ಆದರೆ ಅದು ಅಳೆಯುವುದು ಮಾದರಿಯೊಳಗಿನ ಅನಿಶ್ಚಿತತೆಯನ್ನು ಮಾತ್ರ. ಗುಡ್ಡದ ಮೂಲಕ ನೀರು ಸಮನಾಗಿ ಇಳಿಯುತ್ತದೆಂದು ಕಲ್ಪಿಸಿದ್ದು, ವಾಸ್ತವದಲ್ಲಿ ಅದು ಮಳೆ ಕೊರೆದ ಕೊರಕಲುಗಳಲ್ಲೇ ಹರಿದುಹೋಗುತ್ತಿದ್ದರೆ ಹತ್ತು ಸಾವಿರ ಸಲ ಲೆಕ್ಕ ಮಾಡಿದರೂ ಹತ್ತು ಸಾವಿರ ಸಲವೂ ತಪ್ಪೇ. ಭೂಮಿಗೆ ಸಂಬಂಧಿಸಿದ ಇಂಥ ಮಾದರಿಗಳನ್ನು ಪೂರ್ಣವಾಗಿ ಪ್ರಮಾಣೀಕರಿಸುವುದು ಅಸಾಧ್ಯ, ಅವು ಎಷ್ಟರಮಟ್ಟಿಗೆ ಹೊಂದುತ್ತವೆಂದು ನೋಡಬಹುದಷ್ಟೇ ಎಂದು ನವೋಮಿ ಒರೆಸ್ಕೆಸ್ ಮತ್ತು ಸಂಗಡಿಗರು 1994ರಲ್ಲಿ ವಾದಿಸಿದ್ದು ಈ ಕಾರಣಕ್ಕೇ. ಅಮೆರಿಕದಲ್ಲಿ ಕೈಪರ್ಸ್, ಮೇಸ್ಟ್ ಮತ್ತು ಸಂಗಡಿಗರು 2006ರಲ್ಲಿ 25 ಗಣಿಗಳ ಪರಿಸರ ವರದಿಗಳಲ್ಲಿ ಹೇಳಿದ್ದನ್ನೂ ಮುಂದೆ ಆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಶೇಕಡಾ 76ರಷ್ಟು ಗಣಿಗಳಲ್ಲಿ ನೀರಿನ ಗುಣಮಟ್ಟದ ಮಿತಿ ಮೀರಿತ್ತು. ತಪ್ಪುಗಳು ಎರಡೂ ದಿಕ್ಕಿಗೆ ಹಂಚಿಹೋಗಿದ್ದರೆ ಅದನ್ನು ಅಳತೆಯ ದೋಷವೆನ್ನಬಹುದಿತ್ತು; ಹೆಚ್ಚಿನವು ಒಂದೇ ದಿಕ್ಕಿಗೆ, ಆಶಾವಾದದ ಕಡೆಗೇ ವಾಲಿದ್ದನ್ನು ಹಾಗೆನ್ನಲಾಗದು.

ಕೋಲಾರದಲ್ಲಿ ಈ ವಿಚಾರ ಮತ್ತೆ ಮುಂದೆ ಬಂದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ರಾಶಿಗಳ ಪುಡಿಯಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಸೂಚಿಸಿತು. ರಾಶಿಯನ್ನು ಕದಡಿದಾಗ ತುಕ್ಕಿನ ಲೇಪದಡಿ ಸುಮ್ಮನಿದ್ದ ಸಲ್ಫೈಡ್ ಕಣಗಳು ಮತ್ತೆ ಗಾಳಿಗೆ ಬರುತ್ತವೆ, ಇನ್ನೊಂದು ಕಡೆ ಹೊಸ ಸುಣ್ಣ ಸೇರುತ್ತದೆ, ಬಯಸಿದರೆ ಸಲ್ಫೈಡನ್ನೇ ಬೇರ್ಪಡಿಸಿ ತೆಗೆಯುವ ಅವಕಾಶವೂ ಇದೆ. ಒಟ್ಟು ಫಲ ಯಾವ ಕಡೆ ವಾಲುತ್ತದೆಂಬುದು ಹಳೆಯ ಅಂಕಿಗಳಿಂದ ಹೇಳುವಂಥದ್ದಲ್ಲ. ಇಲ್ಲಿ ದೊಡ್ಡ ತಂತ್ರಾಂಶಕ್ಕಿಂತ ಕೆಲವು ಅಗ್ಗದ ಅಳತೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ: ಗುಡ್ಡದೊಳಗೆ ಆಳ ಹೋದಂತೆ ಆಮ್ಲಜನಕ ಎಷ್ಟು ಇಳಿಯುತ್ತದೆ, ಕಾರ್ಬೊನೇಟ್‌ನಲ್ಲಿ ಕ್ಯಾಲ್ಸೈಟ್ ಎಷ್ಟು ಸಿಡರೈಟ್ ಎಷ್ಟು, ಬಿದ್ದ ಮಳೆಯಲ್ಲಿ ಒಳಗೆ ಇಳಿದದ್ದೆಷ್ಟು ಎಂಬವು. ಕೆಳಗಿನ ಬಾವಿಗಳಲ್ಲಿ ಪಿಎಚ್ ಮಾತ್ರ ನೋಡುತ್ತ ಕೂತರೆ ಸುದ್ದಿ ತಡವಾಗಿ ತಲುಪುತ್ತದೆ, ಏಕೆಂದರೆ ಕ್ಯಾಲ್ಸೈಟ್ ಇರುವವರೆಗೂ ಪಿಎಚ್ ಅಲುಗದು. ಅದಕ್ಕೆ ವರ್ಷಗಳ ಮುಂಚೆಯೇ ಸಲ್ಫೇಟ್ ಏರತೊಡಗುತ್ತದೆ. ಹಳೆಯ ಜಿಪ್ಸಂ ಕರಗಿದರೂ ಸಲ್ಫೇಟ್ ಏರುವುದರಿಂದ ಅದೊಂದನ್ನೇ ನೆಚ್ಚುವಂತೆಯೂ ಇಲ್ಲ. ಜಿಪ್ಸಂನಿಂದ ಬಂದ ಸಲ್ಫೇಟ್ ಜೊತೆ ಸರಿಸಮನಾಗಿ ಕ್ಯಾಲ್ಸಿಯಂ ಬರುತ್ತದೆ, ಆಮ್ಲ ಕ್ಯಾಲ್ಸೈಟ್ ಕರಗಿಸುತ್ತಿರುವಾಗ ಅದರೊಂದಿಗೆ ಬೈಕಾರ್ಬೊನೇಟ್ ಕೂಡ ಏರಬಹುದು, ಕ್ಯಾಲ್ಸೈಟ್ ಮುಗಿಯುತ್ತ ಬಂದಾಗ ಕ್ಯಾಲ್ಸಿಯಂ ಹಿಂದೆ ಬಿದ್ದು ಮೆಗ್ನೀಸಿಯಂ, ಅಲ್ಯುಮಿನಿಯಂ ಮುಂದೆ ಬರುತ್ತವೆ. ಆದ್ದರಿಂದ ಪ್ರತಿ ಮಳೆಗಾಲದ ಮೊದಲ ವಾರ ಮತ್ತು ಕೊನೆಯ ವಾರ ಒಂದೇ ಬಾವಿಗಳಿಂದ ಈ ಐದಾರು ಅಂಕಿಗಳನ್ನು ತೆಗೆದಿಟ್ಟರೆ, ಮುನ್ನಂದಾಜು ಎಲ್ಲಿ ದಾರಿ ತಪ್ಪುತ್ತಿದೆ ಎಂಬುದು ಬಾವಿ ಹುಳಿಯಾಗುವುದಕ್ಕೆ ಎಷ್ಟೋ ಮೊದಲೇ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.